ಕಾಶಕ್ಕನ ಏಳು ಒಂದುಗಳು

ಆಳಂದದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಬೀಸುವ ಕಲ್ಲಿನದು. ತೊಗರಿ ಒಡೆದು ಬೇಳೆ ಮಾಡುವುದು ನಮ್ಮ ಮನೆತನದ ಕೆಲಸ. ತೊಗರಿಯನ್ನು ನೆನೆಹಾಕಿ, ಕೆಮ್ಮಣ್ಣು ಕಲಸಿ, ಮಾಳಿಗೆಯ ಮೇಲೆ ಒಣಗಿಸಿ, ಸಿಪ್ಪೆ ಸಡಿಲವಾದ ಮೇಲೆ ಕಲ್ಲಿಗೆ ಹಾಕುತ್ತಿದ್ದರು. ಓಣಿಯ ಹೆಂಗಸರು ಬಂದು ಅವ್ವನ ಎದುರು ಕೂತು ಬೀಸುತ್ತಿದ್ದರು. ಹೀಗಾಗಿ ನಮ್ಮ ತಲೆಗೂದಲು, ಕೌದಿ, ರೊಟ್ಟಿ ಬುಟ್ಟಿ, ದೇವರ ಜಗಲಿ ಎಲ್ಲಕ್ಕೂ ತೊಗರಿ ಹೊಟ್ಟಿನದೇ ವಾಸನೆ. ಅಡುಗೆಮನೆ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಬೀಳುತ್ತಿದ್ದ ತುಂಡು ಬಿಸಿಲು ಮಧ್ಯಾಹ್ನದ ಹೊತ್ತಿಗೆ ಒಲೆಯಿಂದ ನೀರಿನ ಹರವಿಯ ತನಕ ಸರಿದಿರುತ್ತಿತ್ತು. ಪಡಸಾಲೆ ಮಾತ್ರ ಅಗಲವಾಗಿ, ಬೆಳಕಾಗಿ ಇತ್ತು. ಅದರ ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು ಹಾಸಿದ್ದರು. ಅಕ್ಕ ಕಾಶೀಬಾಯಿಗೂ ನನಗೂ ಆ ಕಲ್ಲೇ ಪಾಟಿ. ಸುಣ್ಣದ ಕಡ್ಡಿಯಿಂದ ಬರೆದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಬೆಳಗಾದರೆ ಅವ್ವ ಒದ್ದೆ ಬಟ್ಟೆಯಿಂದ ಒಂದೇ ಏಟಿಗೆ ಎಲ್ಲವನ್ನೂ ಒರೆಸಿಬಿಡುತ್ತಿದ್ದಳು.

ಕಾಶಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಮೈನೆರೆಯುವ ಮೊದಲೇ ಅವಳನ್ನು ಶಾಲೆ ಬಿಡಿಸಿದ್ದರು. ಆಗ ಅಪ್ಪನ ಹತ್ತಿರ ತಕರಾರು ಮಾಡಿದವರು ಒಬ್ಬರೇ, ಪಕ್ಕದ ಮನೆಯ ಇಬ್ರಾಹಿಂ ಮಾಸ್ತರರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಿಂಡಿ. ಈ ಕಡೆಯಿಂದ ಮಜ್ಜಿಗೆ ಹೋದರೆ ಆ ಕಡೆಯಿಂದ ಪುಂಡಿಪಲ್ಯ ಬರುತ್ತಿತ್ತು. ಮಾಸ್ತರರು ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ನಿಜಾಮರ ಕಾಲ, ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಸಂಜೆ ನಮ್ಮ ಪಡಸಾಲೆಗೆ ಬಂದು ಕೂತರೆ ಮಾತೆಲ್ಲ ಕನ್ನಡ. ಹುಡುಗಿ ಶಾಲೆಗೆ ಬರದಿದ್ದರೆ ಶಾಲೆಯೇ ಹುಡುಗಿಯ ಹತ್ತಿರ ಬರುತ್ತದೆ ಎಂದು ಅಪ್ಪನಿಗೆ ಹೇಳಿ, ಅಂದಿನಿಂದ ವಾರದಲ್ಲಿ ಎರಡು ಮೂರು ಸಂಜೆ ಬಂದು ನಮ್ಮಿಬ್ಬರಿಗೂ ಲೆಕ್ಕ ಹೇಳಿಕೊಡುತ್ತಿದ್ದರು. ಅವರು ಶಾಂತ ಸ್ವಭಾವದವರೇನಲ್ಲ. ತಪ್ಪು ಮಾಡಿದರೆ ಬೆರಳ ಗೆಣ್ಣಿನಿಂದ ತಲೆಗೆ ಕುಟ್ಟುತ್ತಿದ್ದರು. ಹಜಾಮತಿ ಸರಿಯಾಗಿ ಆಗಿಲ್ಲ ಎಂದು ಹಜಾಮನ ಜೊತೆ, ಚಹಾ ತಣ್ಣಗಾಗಿದೆ ಎಂದು ಹೆಂಡತಿ, ನಮ್ಮ ಚಾಚಿಯ ಜೊತೆ ಜಗಳ ತೆಗೆಯುತ್ತಿದ್ದರು. ಆದರೆ ಒಂದು ಸಂಖ್ಯೆ ಎದುರಿಗೆ ಬಂದರೆ ಅವರ ದನಿ ಇಳಿಯುತ್ತಿತ್ತು, ದೇವರ ಮನೆಗೆ ಕಾಲಿಟ್ಟವರ ಹಾಗೆ.

ಮಳೆಗಾಲ ಮುಗಿದ ಒಂದು ಸಂಜೆ ಅವರು ನೆಲದ ಮೇಲೆ ಸಾಲಾಗಿ ಏಳು ಒಂದುಗಳನ್ನು ಬರೆದರು. ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು. ನಾನು ನಕ್ಕೆ, ಏಳು ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಅದನ್ನು ಅದರಿಂದಲೇ ಗುಣಿಸಿ ಎಂದರು. ಕಾಶಕ್ಕ ಮೊಣಕಾಲೂರಿ ಗುಣಿಸಿದಳು. ಏಳು ಸಾಲು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಕೂಡಿಸಿದಾಗ ಬಂದ ಉತ್ತರ ಎಡದಿಂದ ಒಂದು, ಎರಡು, ಮೂರು ಎಂದು ಏಳರವರೆಗೆ ಏರಿ, ಮತ್ತೆ ಆರು, ಐದು ಎಂದು ಒಂದರವರೆಗೆ ಇಳಿಯಿತು. ಕಾಶಕ್ಕ ಅದನ್ನು ಎರಡು ಸಲ ಓದಿ, ಆಮೇಲೆ ಬಲದಿಂದ ಎಡಕ್ಕೂ ಓದಿದಳು. ಅವಳ ಕೆನ್ನೆ ಕೆಂಪಾಗಿತ್ತು. ಮಾಸ್ತರರು ಅಷ್ಟಕ್ಕೆ ಬಿಡಲಿಲ್ಲ. ಕೆಲವು ಸಂಖ್ಯೆಗಳನ್ನು ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದೂ ಪೂರ್ತಿ ಭಾಗಿಸುವುದಿಲ್ಲ, ಅವಕ್ಕೆ ನಾವು ಉರ್ದುವಿನಲ್ಲಿ ಮುಫ್ರದ್ ಅನ್ನುತ್ತೇವೆ, ಅಂದರೆ ಒಂಟಿ ಎಂದರು. ಎರಡು, ಮೂರು, ಐದು, ಏಳು ಒಂಟಿ. ಆರು ಒಂಟಿಯಲ್ಲ, ಎರಡಕ್ಕೂ ಮೂರಕ್ಕೂ ಒಡೆಯುತ್ತದೆ. ಹಾಗಾದರೆ ಈ ಹನ್ನೊಂದು ಲಕ್ಷದ ಸಂಖ್ಯೆ ಒಂಟಿಯೋ, ಒಡೆಯುತ್ತದೆಯೋ?

ಕಾಶಕ್ಕ ಕೇಳಿದಳು:

“ನಿಮಗ ಗೊತ್ತದ ಏನ್ರಿ ಮಾಸ್ತರ?”

“ನನಗ ಗೊತ್ತಿಲ್ಲವ್ವಾ. ಖರೇ ಹೇಳ್ತೀನಿ. ನಾ ಯಾವತ್ತೂ ನೋಡಿಲ್ಲ.”

ಅವರು ಸುಳ್ಳು ಹೇಳುತ್ತಿದ್ದಾರೆ, ನಮ್ಮ ಕೈಯಲ್ಲಿ ಲೆಕ್ಕ ಮಾಡಿಸಲು ಹಾಗೆ ಹೇಳುತ್ತಿದ್ದಾರೆ ಎಂದು ನಾನು ಅಂದುಕೊಂಡೆ. ಕಾಶಕ್ಕ ನಂಬಿದಳು. ದೊಡ್ಡವರಿಗೂ ಗೊತ್ತಿಲ್ಲದ ಒಂದು ಸಂಗತಿ ನಮ್ಮ ಪಡಸಾಲೆಯ ನೆಲದ ಮೇಲೆ ಇದೆ ಎನ್ನುವುದೇ ಅವಳಿಗೆ ಸಾಕಾಗಿತ್ತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಆ ಸಂಖ್ಯೆಯೂ ಒಬ್ಬ ನೆಂಟನ ಹಾಗೆ ಇದ್ದುಬಿಟ್ಟಿತು.

ಮೊದಮೊದಲು ಒಂದು ವಿಚಿತ್ರ ಆಯಿತು. ಎರಡರಿಂದ ಭಾಗಿಸಿದರೆ ಒಂದು ಉಳಿಯಿತು. ಮೂರರಿಂದ ಭಾಗಿಸಿದರೆ ಒಂದು, ಐದರಿಂದ ಒಂದು, ಏಳರಿಂದಲೂ ಹನ್ನೊಂದರಿಂದಲೂ ಹದಿಮೂರರಿಂದಲೂ ಒಂದೇ. ಸಂಖ್ಯೆ ನಮ್ಮನ್ನು ಅಣಕಿಸುತ್ತಿದೆ ಅನ್ನಿಸಿತು ನನಗೆ. ಕಾಶಕ್ಕ ಮಾತ್ರ ಯಾಕೆ ಹೀಗೆ ಎಂದು ಹಟ ಹಿಡಿದು ಕೂತಳು. ಕೊನೆಗೆ ಮಾಸ್ತರರು ಬರುವ ಮೊದಲೇ ತಾನೇ ಕಂಡುಕೊಂಡಳು. ಆರು ಒಂದುಗಳ ಸಂಖ್ಯೆಯನ್ನು ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು ಎಲ್ಲವೂ ಪೂರ್ತಿ ಭಾಗಿಸುತ್ತವೆ. ಅದರ ಮುಂದೆ ಒಂದು ಸೊನ್ನೆ ಇಟ್ಟರೆ ಎರಡೂ ಐದೂ ಭಾಗಿಸುತ್ತವೆ. ಅದಕ್ಕೆ ಒಂದನ್ನು ಕೂಡಿಸಿದ್ದೇ ನಮ್ಮ ಸಂಖ್ಯೆ, ಹಾಗಾಗಿ ಇವೆಲ್ಲಕ್ಕೂ ಒಂದೇ ಉಳಿಯಬೇಕು. ಮೂವತ್ತೇಳಕ್ಕೂ ಒಂದೇ ಉಳಿಯುತ್ತದೆ, ನೋಡುವುದೇ ಬೇಡ ಎಂದು ಮಾಸ್ತರರಿಗೆ ಹೇಳಿದಳು. ಅವತ್ತು ಮಾಸ್ತರರು ಬಹಳ ಹೊತ್ತು ಮೀಸೆ ತೀಡಿಕೊಂಡರು. ಹದಿನೇಳಕ್ಕೆ ಎಂಟು ಉಳಿದಾಗ ನಮಗೆ ಸಮಾಧಾನವಾಯಿತು, ಸಂಖ್ಯೆ ಇನ್ನು ಸರಿಯಾಗಿ ಜಗಳಕ್ಕೆ ಇಳಿದಿದೆ ಎನ್ನುವ ಹಾಗೆ. ಒಂಟಿ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕು ಎಂಬುದನ್ನೂ ಮಾಸ್ತರರು ತಿಳಿಸಿದರು. ಸಾವಿರದ ಐವತ್ತನಾಲ್ಕರವರೆಗೆ ಒಂದೂ ಸಿಗದಿದ್ದರೆ ಅದು ಒಂಟಿ ಎಂದೇ ಅರ್ಥ. ಎರಡು ತುಂಡಾಗುವುದಾದರೆ ಎರಡೂ ಅದಕ್ಕಿಂತ ದೊಡ್ಡವಾಗಿರಲು ಆಗುವುದಿಲ್ಲ.

ಆ ದಿನಗಳಲ್ಲೇ ಅಫಜಲಪುರದ ಕಡೆಯಿಂದ ಕಾಶಕ್ಕನನ್ನು ನೋಡಲು ಬಂದರು. ಹುಡುಗ ಹೊಲ ಮನೆ ಇದ್ದವನು. ಮಾತುಕತೆ ಮುಗಿದು, ಬೇಸಿಗೆಯಲ್ಲಿ ಮದುವೆ ಎಂದಾಯಿತು. ಅವ್ವನಿಗೆ ಮನೆಗೆಲಸದಲ್ಲಿ ಮಗಳನ್ನು ತಿದ್ದುವ ಆತುರ ಹೆಚ್ಚಾಯಿತು. ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಾಗ ಕಾಶಕ್ಕ ಒಲೆಯ ಮುಂದೆಯೇ ಕೂತು ಬೂದಿಯಲ್ಲಿ ಬೆರಳಿನಿಂದ ಭಾಗಾಕಾರ ಮಾಡುತ್ತಿದ್ದಳು. ಅವ್ವ ಬೂದಿಯನ್ನು ಕೈಯಿಂದ ಕಲಸಿಬಿಟ್ಟಳು.

“ಹನ್ನೊಂದು ಲಕ್ಷ ಒಡದು ಏನ್ ಮಾಡ್ತಿ ಬೇ? ಗಂಡನ ಮನ್ಯಾಗ ಇದನ್ನ ಯಾರು ಕೇಳ್ತಾರ?”

“ಯಾರೂ ಕೇಳಂಗಿಲ್ಲವ್ವ. ಅದಕ್ಕಽ ಈಗ ಮಾಡಾಕತ್ತೀನಿ.”

ಅವ್ವ ಬೈಯಲಿಲ್ಲ. ಕರಕಾದ ರೊಟ್ಟಿಯನ್ನು ತಾನೇ ಮುರಿದುಕೊಂಡು ತಿಂದಳು. ಮಾರನೆಯ ದಿನದಿಂದ ಪಡಸಾಲೆಯ ಒಂದು ಮೂಲೆಯನ್ನು ಒರೆಸದೆ ಬಿಡತೊಡಗಿದಳು. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಮೂಲೆಯಲ್ಲಿ ಕಾಶಕ್ಕ ಮುಗಿದ ಒಂಟಿಗಳ ಸಾಲನ್ನು ಬರೆದಿಟ್ಟಳು, ಉಳಿದದ್ದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು.

ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಊರಿಗೆ ಬಂದಿರಲಿಲ್ಲ. ಗಡಿಯ ಆಚೆ ಬಾವುಟ ಹಾರಿಸಿದ ಸುದ್ದಿಯನ್ನು ಅಪ್ಪ ಕಿವಿಯಲ್ಲಿ ಹೇಳುವ ಹಾಗೆ ಹೇಳುತ್ತಿದ್ದ. ಊರಿನಲ್ಲಿ ನಿಜಾಮರ ಪರ ನಿಂತ, ಖಾಕಿ ತೊಟ್ಟ ರಜಾಕಾರರು ಕವಾಯತು ಮಾಡುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಬಣವೆಗಳಿಗೆ ಬೆಂಕಿ ಬಿದ್ದ, ಮನೆಗಳನ್ನು ದೋಚಿದ ಸುದ್ದಿ ಬರುತ್ತಿತ್ತು. ಗಡಿಯಾಚೆ ಬೀಡುಬಿಟ್ಟ ಹೋರಾಟದ ಹುಡುಗರಿಗೆ ಅಪ್ಪ ಬೇಳೆ ಕಳಿಸುತ್ತಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು. ಮಾಸ್ತರರಿಗೆ ನಿಜಾಮರ ಮೇಲೆ ಭಕ್ತಿ. ಹುಜೂರರು ಇರುವ ತನಕ ಯಾರ ಕೂದಲೂ ಕೊಂಕುವುದಿಲ್ಲ, ಈ ಖಾಕಿಯವರು ನಾಲ್ಕು ದಿನದ ಪುಂಡರು ಎನ್ನುತ್ತಿದ್ದರು. ಅವರಿಬ್ಬರ ನಡುವೆ ಆ ಮಾತು ಕೆಂಡದ ಹಾಗೆ ಬೂದಿ ಮುಚ್ಚಿಕೊಂಡು ಇತ್ತು. ಎಳ್ಳು ಅಮಾವಾಸ್ಯೆ, ಅಂದರೆ ನಮ್ಮ ಎಳ್ಳಮಾಸಿಯ ದಿನ ಅದು ಹೊರಗೆ ಬಿತ್ತು. ಪ್ರತಿ ವರ್ಷದ ಹಾಗೆ ಮಾಸ್ತರರ ಮನೆಯವರೂ ನಮ್ಮ ಹೊಲಕ್ಕೆ ಬಂದಿದ್ದರು. ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ ಆಗಿತ್ತು. ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಹಾಕಿಕೊಂಡು ಎಲ್ಲರೂ ಬನ್ನಿಮರದ ಕೆಳಗೆ ಉಣ್ಣಲು ಕೂತಿದ್ದೆವು. ದಿಲ್ಲಿಯವರಿಗೆ ಹುಜೂರರ ರಾಜ್ಯದ ಮೇಲೆ ಕಣ್ಣು ಯಾಕೆ ಎಂದು ಮಾಸ್ತರರು ಸುಮ್ಮನೆ ಅಂದಂತೆ ಅಂದರು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

“ರಾಜ್ಯ ಹುಜೂರರದಲ್ರಿ ಮಾಸ್ತರ, ನಮ್ಮದು. ಬಿತ್ತಾವ್ರು ನಾವು, ಸುಡಸ್ಕೊಳ್ಳಾವ್ರೂ ನಾವು.”

“ಅಂದ್ರ ನಾ ಯಾರ್ರಿ ಬಸಣ್ಣಾ? ನಾ ಬ್ಯಾರೆ ಕಡಿಂದ ಬಂದಾಂವೇನು?”

ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ಮಾಸ್ತರರು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡು ನಡೆದೇ ಊರಿಗೆ ಹೋದರು. ಚಾಚಿ ಅವ್ವನ ಮುಖ ನೋಡುತ್ತ, ಏನು ಮಾಡಲಿ ಎನ್ನುವ ಹಾಗೆ ಕೈ ತಿರುವಿ, ಅವರ ಹಿಂದೆ ಹೊರಟಳು. ಅವರ ಮಗ ಯೂಸುಫ, ಇಪ್ಪತ್ತರ ಆಸುಪಾಸಿನ ಹುಡುಗ, ಉಳಿದು ತನ್ನ ಪಾಲಿನದನ್ನು ಉಂಡು, ತನ್ನ ಅಪ್ಪನ ಪಾಲಿನ ಹೋಳಿಗೆಯನ್ನೂ ತಿಂದು, ನಮ್ಮ ಗಾಡಿಯಲ್ಲೇ ಮನೆಗೆ ಬಂದ. ಸಂಜೆಯ ಪಾಠ ಅಲ್ಲಿಗೆ ನಿಂತಿತು. ಪಡಸಾಲೆಯಲ್ಲಿ ಮಾಸ್ತರರು ಕೂರುತ್ತಿದ್ದ ಚಾಪೆಯನ್ನು ಅಪ್ಪನೇ ಸುತ್ತಿ ಒಳಗಿಟ್ಟ. ಆದರೂ ಕಿಂಡಿಯಲ್ಲಿ ಮಜ್ಜಿಗೆ, ಪಲ್ಯ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಾನು ಮಜ್ಜಿಗೆಯ ತಂಬಿಗೆ ಇಡುವಾಗ ಆ ಕಡೆಯಿಂದ ಮಾಸ್ತರರ ದನಿ ಕೇಳಿತು. ನಿಮ್ಮ ಅಕ್ಕ ಎಲ್ಲಿಗೆ ಬಂದಳು ಎಂದು ಕೇಳುತ್ತಿದ್ದರು. ನಾನು ನೂರೊಂದಕ್ಕೆ ಹತ್ತು ಉಳಿಯಿತು ಎಂದೆ. ಆಮೇಲೆ ಹೌದು, ಸರಿ ಐತಿ ಎಂಬ ಮಾತು ಬಂತು. ಅವರೂ ಅಲ್ಲಿ ತಮ್ಮ ನೆಲದ ಮೇಲೆ ಅದೇ ಲೆಕ್ಕ ಮಾಡುತ್ತಿದ್ದರೋ, ನಾನು ಹೇಳಿದ ಮೇಲೆ ಮನಸ್ಸಿನಲ್ಲೇ ಮಾಡಿದರೋ ಗೊತ್ತಿಲ್ಲ. ಹೀಗೆ ಆ ಎರಡು ಮನೆಗಳ ಗಂಡಸರ ಮಾತು ನಿಂತ ಮೇಲೂ ಗೋಡೆಯ ಕಿಂಡಿಯಲ್ಲಿ ಒಂದೊಂದೇ ಸಂಖ್ಯೆ ದಾಟುತ್ತಿತ್ತು.

ಬೇಸಿಗೆಯ ಒಂದು ಮುಂಜಾನೆ ಮಾಸ್ತರರು ತಾವೇ ನಮ್ಮ ಬಾಗಿಲಿಗೆ ಬಂದರು. ಎಳ್ಳಮಾಸಿಯ ನಂತರ ಅದೇ ಮೊದಲು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು. ಅಪ್ಪನ ಹೆಸರು ಖಾಕಿಯವರ ಬಾಯಿಗೆ ಬಂದಿದೆ, ನಾಳೆ ನಾಡಿದ್ದರಲ್ಲಿ ಮನೆಗೆ ನುಗ್ಗುತ್ತಾರೆ, ಇವತ್ತೇ ಹೊರಡಿ ಎಂದರು. ಅಪ್ಪ ಅವರ ಮುಖ ನೋಡಿದಾಗ ಮಾಸ್ತರರೇ ಮುಂದುವರಿಸಿದರು:

“ಗಾಡಿ ಯೂಸುಫ ಹೊಡೀತಾನ. ಅಂವ ಇದ್ರ ರಸ್ತಾದಾಗ ಯಾರೂ ಕೇಳಂಗಿಲ್ಲ. ನನ್ನ ಮ್ಯಾಲಿನ ಸಿಟ್ಟು ಆಮ್ಯಾಲೆ ಮಾಡೂಣು.”

ಅವತ್ತು ನಮ್ಮ ಮನೆಯಿಂದ ಏನೇನು ಹೊರಬಿತ್ತು, ಏನೇನು ಉಳಿಯಿತು ಎಂಬುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವ ಹಿತ್ತಾಳೆಯ ಕೊಡ, ಹರಿವಾಣ, ಮದುವೆಗೆಂದು ತಂದ ಇಳಕಲ್ ಸೀರೆ ಎಲ್ಲವನ್ನೂ ಗಾಡಿಗೆ ಏರಿಸುತ್ತಿದ್ದಳು. ಯೂಸುಫ ಸೀರೆಯೊಂದನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಇಳಿಸುತ್ತ ಗೊಣಗುತ್ತಿದ್ದ. ಕಾಕಿ, ಇದು ಗಾಡಿ, ರೇಲ್ವೆ ಅಲ್ಲ ಎಂದ. ಅವನಿಗೆ ಅವತ್ತು ಬೇರೆ ಊರಿಗೆ ಕುಸ್ತಿ ನೋಡಲು ಹೋಗುವುದಿತ್ತು, ಅದು ತಪ್ಪಿದ್ದಕ್ಕೆ ಮುಖ ಊದಿಸಿಕೊಂಡಿದ್ದ. ದಾರಿಯುದ್ದಕ್ಕೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಊರ ಹೊರಗಿನ ತಪಾಸಣೆಯ ನಾಕೆಯಲ್ಲಿ ಬಂದೂಕು ಹಿಡಿದ ನಾಲ್ವರು ಗಾಡಿ ನಿಲ್ಲಿಸಿದರು. ಇವರೆಲ್ಲ ನಮ್ಮ ಹೊಲದ ಆಳುಗಳು, ನಿಂಬರ್ಗಾಕ್ಕೆ ಬಿಡಲು ಹೊರಟಿದ್ದೇನೆ ಎಂದು ಅದೇ ಊದಿದ ಮುಖದಲ್ಲೇ ಹೇಳಿದ. ಅವನ ಮುಖ ನೋಡಿ ಅವರು ನಂಬಿದರು. ಬೇಕಿಲ್ಲದ ಕೆಲಸಕ್ಕೆ ಬಂದವನ ಹಾಗೆಯೇ ಇದ್ದ ಅವನು. ನಿಂಬರ್ಗಾ ಅವ್ವನ ತವರು. ಅಲ್ಲಿ ನಮ್ಮನ್ನು ಇಳಿಸಿ, ನೀರು ಕೂಡ ಕುಡಿಯದೆ, ಕತ್ತಲಾಗುವ ಮೊದಲು ಮನೆ ಮುಟ್ಟಬೇಕು ಎಂದು ಎತ್ತು ತಿರುಗಿಸಿದ. ತಿರುಗಿಸುವಾಗ ಕಾಶಕ್ಕನನ್ನು ನೋಡಿ ಒಂದೇ ಮಾತು ಹೇಳಿದ, ಲೆಕ್ಕ ಸಿಕ್ಕರೆ ಅಬ್ಬಾಗೆ ಹೇಳಿ ಕಳಿಸು, ಮನೆಯಲ್ಲಿ ಅವರು ನಮಗೆ ಅದನ್ನೇ ಕೊರೆಯುತ್ತಾರೆ ಎಂದು. ಕಾಶಕ್ಕ ನಕ್ಕಳು. ಯೂಸುಫನೂ ನಕ್ಕ. ಆಮೇಲೆ ನಾವು ಅವನನ್ನು ನೋಡಲಿಲ್ಲ.

ನಿಂಬರ್ಗಾದಲ್ಲೂ ಬಹಳ ದಿನ ಇರಲು ಆಗಲಿಲ್ಲ. ಊರಿಗೆ ಊರೇ ಗಡಿ ದಾಟುತ್ತಿತ್ತು. ನಾವೂ ನಡೆದೇ ದುಧನಿ ಸೇರಿದೆವು. ಅಲ್ಲಿ ನಮ್ಮಂಥವರಿಗೆ ಒಂದು ಖಾಲಿ ಗೋದಾಮು ಬಿಟ್ಟುಕೊಟ್ಟಿದ್ದರು. ತಗಡಿನ ಗೋಡೆ, ತಗಡಿನ ಮಾಡು. ಸೀರೆ ಕಟ್ಟಿ ಒಂದೊಂದು ಸಂಸಾರಕ್ಕೆ ಒಂದೊಂದು ಮರೆ ಮಾಡಿಕೊಂಡಿದ್ದರು. ಬೀಸುವ ಕಲ್ಲಿನ ಸದ್ದಿಲ್ಲದೆ ಬೆಳಗಾಗುವುದು ನನಗೆ ಅಭ್ಯಾಸವಾಗಲೇ ಇಲ್ಲ. ಅವ್ವ ಗಂಜಿಯ ಸಾಲಿನಲ್ಲಿ ನಿಲ್ಲಲು ಹೋಗುವುದು, ಅಪ್ಪ ಹಮಾಲಿ ಕೆಲಸ ಹುಡುಕಿಕೊಂಡು ಸ್ಟೇಷನ್ ಕಡೆ ಹೋಗುವುದು, ನಾವಿಬ್ಬರೂ ಮರೆ ಕಾಯುವುದು. ಅಫಜಲಪುರದವರಿಂದ ಸುದ್ದಿಯೇ ಇರಲಿಲ್ಲ. ಮದುವೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕಾಶಕ್ಕ ಒಲೆಯ ಇದ್ದಿಲು ತಂದು ತಗಡಿನ ಗೋಡೆಯ ಮೇಲೆ ಬರೆಯತೊಡಗಿದಳು. ಆಳಂದದಲ್ಲಿ ಎಲ್ಲಿಗೆ ಬಿಟ್ಟಿದ್ದಳು ಎಂಬುದು ಅವಳಿಗೆ ನೆನಪಿತ್ತು. ಒಂದೊಂದು ಒಂಟಿ ಹಿಡಿದು ಭಾಗಿಸುವುದು, ಉಳಿದದ್ದನ್ನು ನನಗೆ ಹೇಳುವುದು, ಸೆರಗಿನಿಂದ ಒರೆಸುವುದು. ಅಕ್ಕಪಕ್ಕದವರು ಮೊದಲು ಬೆರಗಾಗಿ ನೋಡಿ, ಆಮೇಲೆ ಈ ಹುಡುಗಿಗೆ ಊರು ಬಿಟ್ಟ ಚಿಂತೆಗೆ ಹೀಗಾಗಿದೆ ಎಂದು ಮರುಗಿದರು. ನಾನು ಒಮ್ಮೆ ಬೇಸತ್ತು, ಸಾಕು ಬಿಡು, ಯಾರಿಗೆ ಬೇಕಾಗಿದೆ ಎಂದೆ. ಇಲ್ಲಿ ನನ್ನ ಕೈಯಲ್ಲಿ ಇರುವುದು ಇದೊಂದೇ ನೀಲಾ ಎಂದಳು.

ಮಳೆ ಹಿಡಿದಿತ್ತು. ತಗಡಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಂಥದೊಂದು ಮಧ್ಯಾಹ್ನ ಅವಳು ಇನ್ನೂರ ಇಪ್ಪತ್ತೊಂಬತ್ತಕ್ಕೆ ಬಂದಳು. ಮೂರು ಉಳಿಯಿತು. ಬರೀ ಮೂರು. ಇಷ್ಟು ಹತ್ತಿರ ಬಂದು ತಪ್ಪಿತಲ್ಲ ಎಂದು ನಾನು ಹಣೆ ಬಡಿದುಕೊಂಡೆ. ಹತ್ತಿರ ಎಂಬುದು ಇದರಲ್ಲಿ ಇಲ್ಲ, ಮೂರು ಉಳಿದರೂ ಅಷ್ಟೇ, ಇನ್ನೂರು ಉಳಿದರೂ ಅಷ್ಟೇ ಎಂದು ಅವಳು ಮುಂದಕ್ಕೆ ಹೋದಳು. ಇನ್ನೂರ ಮೂವತ್ತಮೂರಕ್ಕೆ ನೂರ ಅರವತ್ತೇಳು ಉಳಿಯಿತು. ಮುಂದಿನ ಒಂಟಿ ಇನ್ನೂರ ಮೂವತ್ತೊಂಬತ್ತು. ನಾಲ್ಕಲೆ ಹೋಯಿತು, ಆರಲೆ ಹೋಯಿತು, ಮತ್ತೆ ನಾಲ್ಕಲೆ ಹೋಯಿತು. ಕೊನೆಯ ಒಂದನ್ನು ಇಳಿಸಿಕೊಂಡಾಗ ಎರಡು ಸಾವಿರದ ನೂರ ಐವತ್ತೊಂದು ಇತ್ತು. ಕಾಶಕ್ಕನ ಕೈ ನಿಂತಿತು. ಇನ್ನೂರ ಮೂವತ್ತೊಂಬತ್ತನ್ನು ಒಂಬತ್ತಲೆ ಮಾಡಿ ಪಕ್ಕದಲ್ಲಿ ಬರೆದಳು. ಎರಡು ಸಾವಿರದ ನೂರ ಐವತ್ತೊಂದು. ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಒಂದು ಸೊನ್ನೆ ಬರೆದಳು. ಆಮೇಲೆ ಮೇಲಿನ ಸಂಖ್ಯೆಯನ್ನು ಬೆರಳಿಟ್ಟು ಓದಿದಳು, ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಹನ್ನೊಂದು ಲಕ್ಷದ ಸಂಖ್ಯೆ ಒಡೆದಿತ್ತು. ನಾನು ಕುಣಿದಾಡಿದೆ. ಅವಳು ಗೋಡೆಗೆ ಹಣೆ ಹಚ್ಚಿ ಅಳತೊಡಗಿದಳು. ಅದು ಒಂಟಿ ಆಗಿರಲಿ ಎಂದು ಅವಳು ಬಯಸಿದ್ದಳು, ಅದು ಸುಳ್ಳಾಯಿತೆಂದು ಅಳುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ಬೆನ್ನ ಮೇಲೆ ಕೈಯಿಟ್ಟು ಕೂತೆ. ಆ ಲೆಕ್ಕವನ್ನು ಅವಳು ಒರೆಸಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಗೋದಾಮಿನಲ್ಲಿ ವಾಂತಿಭೇದಿ ಹರಡಿತು. ನೀರು ಕೆಟ್ಟಿತ್ತು. ಮೊದಲು ಬಾಗಿಲ ಹತ್ತಿರದ ಮರೆಯ ಮುದುಕ, ಆಮೇಲೆ ಒಂದು ಕೂಸು, ಆಮೇಲೆ ಕಾಶಕ್ಕ. ಬೆಳಿಗ್ಗೆ ಹೊಟ್ಟೆ ನೋವು ಎಂದವಳು ಮಧ್ಯಾಹ್ನದ ಹೊತ್ತಿಗೆ ಗುರುತು ಸಿಗದ ಹಾಗೆ ಬತ್ತಿಹೋಗಿದ್ದಳು. ಅಪ್ಪ ಡಾಕ್ಟರನ್ನು ಹುಡುಕಿಕೊಂಡು ಹೋದವನು ಒಬ್ಬನೇ ಬಂದ. ಅವ್ವ ಅವಳ ತುಟಿಗೆ ಉಪ್ಪು ಸಕ್ಕರೆಯ ನೀರು ಬಿಡುತ್ತ, ಕಾಶೀ, ನುಂಗವ್ವಾ ಎನ್ನುತ್ತಿದ್ದಳು. ನೀರು ಕೆನ್ನೆಯ ಮೇಲೆ ಹರಿಯುತ್ತಿತ್ತು. ಸಂಜೆಯಾಗುವ ಮೊದಲೇ ಎಲ್ಲ ಮುಗಿಯಿತು. ನಮ್ಮ ರೂಢಿಯಂತೆ ಕುಳ್ಳಿರಿಸಿ ಮಣ್ಣು ಕೊಡಲು ನಮ್ಮದೆಂಬ ತುಂಡು ನೆಲವೂ ಅಲ್ಲಿರಲಿಲ್ಲ. ಯಾರೋ ಪುಣ್ಯಾತ್ಮರು ತಮ್ಮ ಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಮದುವೆಯ ಇಳಕಲ್ ಸೀರೆಯನ್ನು ಅವ್ವ ಅವಳಿಗೆ ಉಡಿಸಿದಳು.

ಮಳೆಗಾಲದ ಕೊನೆಗೆ ಹಿಂದೂಸ್ತಾನದ ಫೌಜು ಬಂತು. ನಿಜಾಮರ ರಾಜ್ಯ ಹೋಯಿತು. ಜನ ಕುಣಿಯುತ್ತ ಊರಿಗೆ ಮರಳಿದರು. ನಾವು ಮೂವರೇ ಮರಳಿದೆವು. ಮನೆಯಲ್ಲಿ ತೊಗರಿ ಇರಲಿಲ್ಲ, ಬಾಗಿಲ ಕದ ಇರಲಿಲ್ಲ, ಬೀಸುವ ಕಲ್ಲು ಮಾತ್ರ ಇತ್ತು. ಪಕ್ಕದ ಮನೆಯಲ್ಲಿ ಒಲೆಯ ಹೊಗೆ ಕಾಣಲಿಲ್ಲ. ಓಣಿಯವರು ತಗ್ಗಿದ ದನಿಯಲ್ಲಿ ಹೇಳಿದರು. ಫೌಜು ಬಂದ ಮೇಲೆ ಸೇಡು ತೀರಿಸಿಕೊಳ್ಳುವವರ ಗುಂಪು ಎದ್ದಿತ್ತು. ರಜಾಕಾರರು ಓಡಿಹೋಗಿದ್ದರು, ಸಿಕ್ಕವರು ಸಿಕ್ಕರು. ಯೂಸುಫ ಎತ್ತುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋಗಿದ್ದ. ಎತ್ತು ಮಾತ್ರ ಮನೆಗೆ ಬಂದವು. ಹೊಡೆದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅಪ್ಪ ಅದನ್ನು ಕೇಳಿ ಕಟ್ಟೆಯ ಮೇಲೆ ಕುಸಿದು ಕೂತ. ಆ ಗಾಡಿಯಲ್ಲಿ ನಮ್ಮನ್ನು ದಾಟಿಸಿದ್ದು ಅವನೇ ಎಂದು ಹೇಳಲು ತಾನು ಊರಲ್ಲಿ ಇರಬೇಕಿತ್ತು ಎಂದು ಅದನ್ನೇ ಮತ್ತೆ ಮತ್ತೆ ಅಂದ. ಆಮೇಲೆ ಎದ್ದು, ಒಳಗೆ ಸುತ್ತಿಟ್ಟಿದ್ದ ಚಾಪೆ ಉಳಿದಿದೆಯೋ ಎಂದು ಹುಡುಕಿದ. ಅದೂ ಹೋಗಿತ್ತು. ಬರಿಗೈಯಲ್ಲೇ ಪಕ್ಕದ ಮನೆಗೆ ಹೋದ. ನಾನೂ ಅವ್ವನೂ ಹಿಂದೆ ಹೋದೆವು.

ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಹೋಗಿ ಅವರ ಪಕ್ಕದಲ್ಲಿ, ಅವರ ಹಾಗೆಯೇ ಗೋಡೆಗೆ ಒರಗಿ ಕೂತ. ಇಬ್ಬರೂ ಎದುರಿನ ಬಾಗಿಲನ್ನೇ ನೋಡುತ್ತಿದ್ದರು. ಚಾಚಿ ಅವ್ವನ ಕೊರಳಿಗೆ ಬಿದ್ದಳು, ಇಬ್ಬರೂ ಒಳಗೆ ಹೋದರು. ಮಾಸ್ತರರು ನನ್ನತ್ತ ತಿರುಗಿ, ಅಕ್ಕ ಎಲ್ಲಿ ಎಂದರು. ನಾನೇ ಹೇಳಿದೆ. ಅವರು ಕಣ್ಣು ಮುಚ್ಚಿದರು. ನನಗೆ ಯೂಸುಫ ಹೇಳಿದ ಮಾತು ನೆನಪಾಯಿತು. ಅದು ಹೇಳುವ ಹೊತ್ತು ಹೌದೋ ಅಲ್ಲವೋ ಎಂದು ತಿಳಿಯದ ವಯಸ್ಸು.

“ಲೆಕ್ಕ ಸಿಕ್ತುರಿ ಮಾಸ್ತರ. ಇನ್ನೂರ ಮೂವತ್ತೊಂಬತ್ತಕ್ಕ ಒಡೀತು.”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಗೂಡಿನಿಂದ ಸುಣ್ಣದ ಕಡ್ಡಿ ತೆಗೆದುಕೊಂಡು ನೆಲಕ್ಕೆ ಬಾಗಿದರು. ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು ಎಂದೆ. ಅದನ್ನು ಬರೆದು ಕೆಳಗೆ ಇನ್ನೂರ ಮೂವತ್ತೊಂಬತ್ತು ಬರೆದು ಗುಣಿಸಿದರು. ಮೂರು ಸಾಲು ಬಂದವು. ಗೆರೆ ಎಳೆದು ಬಲದಿಂದ ಕೂಡಿಸತೊಡಗಿದರು. ಒಂದು. ಮತ್ತೊಂದು. ಹಾಗೆ ಒಂದರ ಪಕ್ಕ ಒಂದು ಏಳು ನಿಂತವು. ಬರೆದ ಒಂದುಗಳು ಸೊಟ್ಟಗಿದ್ದವು. ಈ ದೊಡ್ಡ ತುಂಡು ಮತ್ತೆ ಒಡೆಯುತ್ತದೆಯೋ ಎಂದು ನಾನು ಕೇಳಿದೆ. ಇನ್ನೊಂದು ವರ್ಷ ಕೂತು ನೋಡಬೇಕಾದೀತು ಎಂಬ ಆಸೆ ಇತ್ತೇನೋ ನನಗೆ. ಮಾಸ್ತರರು ತಲೆ ಅಲ್ಲಾಡಿಸಿದರು.

“ಅದನ್ನ ನೋಡೂದು ಬ್ಯಾಡವ್ವಾ. ಸಣ್ಣ ಸಂಖ್ಯೆ ಯಾವುದಾದ್ರೂ ಇದನ್ನ ಒಡದಿದ್ರ, ಆ ಹನ್ನೊಂದು ಲಕ್ಷಾನೂ ಒಡೀಬೇಕಿತ್ತು. ಆಕಿ ಎಲ್ಲಾ ನೋಡಿಯೇ ಮುಂದ ಹೋಗ್ಯಾಳ. ಏನೂ ಉಳಿಸಿಲ್ಲ ನಮಗ.”

ಚಳಿಗಾಲ ಬರುವ ಹೊತ್ತಿಗೆ ಮಾಸ್ತರರು ಮನೆ ಬಿಟ್ಟು ಹೈದರಾಬಾದಿಗೆ, ತಮ್ಮನ ಹತ್ತಿರ ಹೊರಟುಹೋದರು. ಅಪ್ಪ ಎಷ್ಟು ಕೇಳಿಕೊಂಡರೂ ನಿಲ್ಲಲಿಲ್ಲ. ಹಳ್ಳದ ಕಡೆ ನೋಡದೆ ಈ ಊರಲ್ಲಿ ನಡೆಯಲು ದಾರಿಯೇ ಇಲ್ಲ ಬಸಣ್ಣಾ ಎಂದರಂತೆ. ಅಪ್ಪನೇ ಗಾಡಿ ಹೂಡಿ ಅವರನ್ನೂ ಚಾಚಿಯನ್ನೂ ಕಲಬುರಗಿಯ ಸ್ಟೇಷನ್ನಿಗೆ ಬಿಟ್ಟು ಬಂದ. ಮತ್ತೆ ಅವರ ಸುದ್ದಿ ತಿಳಿಯಲಿಲ್ಲ. ನನ್ನನ್ನು ಮಾತ್ರ ಅಪ್ಪ ಶಾಲೆ ಬಿಡಿಸಲಿಲ್ಲ. ಮುಂದೆ ನಾನು ಊರೂರು ತಿರುಗಿ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದೆ. ಏಳು ಒಂದುಗಳ ಲೆಕ್ಕವನ್ನು ಒಂದು ತರಗತಿಯಲ್ಲಿಯೂ ಹೇಳಿಕೊಡಲಿಲ್ಲ.

ಹೊಸ ತೊಗರಿ ಬಂದ ಮೇಲೆ ನಮ್ಮ ಕಲ್ಲು ಮತ್ತೆ ತಿರುಗಿತು. ಅವ್ವನ ಎದುರಿನ ಜಾಗದಲ್ಲಿ ಈಗ ನಾನು ಕೂರುತ್ತಿದ್ದೆ. ಮಣ್ಣು ಕೊಟ್ಟು ಬಂದ ದಿನದಿಂದ ಅವ್ವ ಕಾಶಕ್ಕನ ಹೆಸರು ಎತ್ತಿರಲಿಲ್ಲ, ಅತ್ತಿರಲೂ ಇಲ್ಲ. ಅವಳು ಕಲ್ಲಾಗಿದ್ದಾಳೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಗೂಟ ಹಿಡಿದ ಕೈಯನ್ನು ನಿಲ್ಲಿಸದೆಯೇ ಕೇಳಿದಳು, ಅವತ್ತು ತಾನು ಗಂಜಿ ತರಲು ಹೋದಾಗ ಆ ಲೆಕ್ಕ ಸಿಕ್ಕಿತಂತಲ್ಲ, ಹೌದೇ ಎಂದು. ಹೌದೆಂದೆ.

“ಸಿಕ್ಕಾಗ ಆಕಿ ನಕ್ಕಳೇನು?”

ನಾನು ಇದ್ದದ್ದನ್ನೇ ಹೇಳಿದೆ.

“ಇಲ್ಲವ್ವ. ಗ್ವಾಡಿಗೆ ಹಣಿ ಹಚ್ಚಿ ಅತ್ತಳು.”

ಕಲ್ಲು ನಿಂತಿತು. ಅವ್ವ ನನ್ನ ಮುಖವನ್ನೇ ನೋಡಿದಳು. ಎಷ್ಟೋ ತಿಂಗಳಿಂದ ಸತ್ತಂತಿದ್ದ ಅವಳ ಕಣ್ಣು ನೋಡನೋಡುತ್ತ ತುಂಬಿ ಬಂದವು.

“ಹಂಗಾರ ಆಕಿಗೆ ಭಾಳ ಖುಷಿ ಆಗಿತ್ತು. ಸಣ್ಣಾಕಿ ಇದ್ದಾಗಿಂದ ಆಕಿ ಹಂಗಽ. ನೀ ಹುಟ್ಟಿದ ದಿನ ನಿನ್ನ ತೊಡಿ ಮ್ಯಾಲ ಹಾಕ್ಕೊಂಡು, ಹಿಂಗಽ ಗ್ವಾಡಿ ಕಡಿ ಮಾರಿ ಮಾಡಿ ಅತ್ತಿದ್ದಳು.”